ದುಂಡು ಹರಳು

ನಿಶ್ಚಯದ ಉಂಗುರ ಆರಿಸಲು ಬಂದಿದ್ದ ಭಾವಿ ಅತ್ತೆ ಸುಲ್ತಾನಬಿ, ಎರಡೂ ತುದಿ ಚೂಪಾದ ಹಸಿರು ಹರಳಿನದನ್ನು ಬೆರಳಿಗೆ ತೊಡಿಸಿದಾಗ ಅಲ್ಮಾಸಳಿಗೆ ಸುಮ್ಮನಿರಲಾಗಲಿಲ್ಲ.

“ಚೂಪಿಂದು ಬ್ಯಾಡ್ರಿ ಅತ್ತಿ. ಎಮ್ಮಿ ಹೊಟ್ಟ್ಯಾಗ ಕೈ ಹಾಕಿ, ಅಡ್ಡ ಸಿಕ್ಕ ಕರಾ ತಗಿಯಾಕಿ ನಾ. ಈ ಮೊನಿ ತಾಕಿದ್ರ ಗ್ಲೌಸ್ ಹರೀತಾವ. ನೀವು ಹಾಕಿದ ಉಂಗರಾ ಬಿಚ್ಚಿಡಾಕಂತೂ ಮನಸಿಲ್ರಿ.”

ಬಾಗೇವಾಡಿಯ ಆ ಬಂಗಾರದ ಅಂಗಡಿಯಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಒಬ್ಬಾಕೆ ಮೂಗು ಮುರಿದಳು. ಸಂಬಂಧವೇ ತಪ್ಪಿಹೋಯಿತೇನೋ ಎಂದು ಅಲ್ಮಾಸಳಿಗೆ ಅನ್ನಿಸಿತು. ಆದರೂ ಅವಳು ತಲೆ ತಗ್ಗಿಸಲಿಲ್ಲ.

ಸುಲ್ತಾನಬಿ ಅವಳ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು, ಇಡೀ ಅಂಗಡಿಗೆ ಕೇಳುವಂತೆ ಹೇಳಿದರು: “ಪತ್ತಾರ್ರ, ದುಂಡು ಹರಳಿಂದು ತೋರಸ್ರಿ. ನಮ್ಮ ಸೊಸಿ ದನದ ಡಾಕ್ಟರ್ ಅದಾಳ್ರಿ!”