ಕೊನೆಯ ಅಂಗಡಿ

ಊಟ ಮುಗಿಸಿ ಬಂದ ಗಜಕಡ್ಡಿ ಅಕ್ಕ ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟಳು. ಕೌಂಟರಿನ ಹಿಂದೆ ಅವಳ ಮೂವರು ಕೆಲಸದ ಹೆಂಗಸರೂ ಕೂತಿದ್ದರು. ಒಬ್ಬಳು ಪರದೆ ಬಟ್ಟೆಯ ಥಾನಿನ ಮೇಲೆ, ಇನ್ನೊಬ್ಬಳು ಬೋರಲು ಹಾಕಿದ ರಟ್ಟಿನ ಪೆಟ್ಟಿಗೆಯ ಮೇಲೆ, ಎಲ್ಲರಿಗಿಂತ ಹಿರಿಯಳು ಏಣಿಯ ಕೆಳಗಿನ ಮೆಟ್ಟಿಲ ಮೇಲೆ. ಗಿರಾಕಿ ಯಾರೂ ಇರಲಿಲ್ಲ. ಅಕ್ಕನನ್ನು ಕಂಡು ಮೂವರ ಮುಖವೂ ಬಿಳಿಚಿಕೊಂಡಿತು. ಆದರೆ ಒಬ್ಬಳೂ ಏಳಲಿಲ್ಲ.

"ಏನ್ರೇ, ಮೈಗೆ ಹುಷಾರಿಲ್ವಾ?"

"ಹುಷಾರಾಗೇ ಇದೀವಿ ಅಕ್ಕ," ಎಂದಳು ಹಿರಿಯಳು. "ಗಿರಾಕಿ ಬಂದ್ರೆ ಏಳ್ತೀವಿ, ಇಲ್ದಿದ್ದಾಗ ಕೂರ್ತೀವಿ. ಇದಕ್ಕೆ ಯಾರ ಅಪ್ಪಣೇನೂ ಬೇಡ ಅಂದ್ಲು ಸೈಕಲ್ ಹುಡುಗಿ."

ಬಟ್ಟೆ ಅಳೆಯುವ ಕಡ್ಡಿಯಷ್ಟೇ ನೆಟ್ಟಗೆ ನಿಲ್ಲುವುದರಿಂದ ಅಕ್ಕನಿಗೆ ಆ ಹೆಸರು ಬಂದಿತ್ತು. ಬಾಯೂ ಅಷ್ಟೇ ನೇರ. ಆದರೆ ಈಗ ಬೈಯುವುದಾದರೂ ಹೇಗೆ? ಅಂಗಡಿ ಅಂಗಡಿ ಸುತ್ತಿ ಕೆಲಸದವರಿಗೆ ಕೂರುವ ಹಕ್ಕು ತಿಳಿಸುವ ಆ ಸೈಕಲ್ ಹುಡುಗಿಗೆ ಸಂಬಳ ಕೊಡುತ್ತಿದ್ದುದೇ ಅವಳು. ಅವಳು ಮತ್ತು ಈ ಬೀದಿಯಲ್ಲಿ ಅಂಗಡಿ ಇಟ್ಟಿರುವ ಉಳಿದ ಹೆಂಗಸರು, ತಿಂಗಳು ತಿಂಗಳು ದುಡ್ಡು ಕೂಡಿಸಿ. ಈ ಹೆಂಗಸರ ಕೂಟ ಶುರುವಾದಾಗ ಉಳಿದವರು, ಒಂದು ನೀರಿನ ತೊಟ್ಟಿ ಕಟ್ಟಿಸಿ ಮೇಲೆ ಎಲ್ಲರ ಹೆಸರು ಕೆತ್ತಿಸೋಣ ಅಂದಿದ್ದರು. ಹಟ ಹಿಡಿದವಳು ಅಕ್ಕ. "ತೊಟ್ಟಿ ಬೇಕಾದ್ರೆ ಯಾರು ಬೇಕಾದ್ರೂ ಕಟ್ಟಿಸ್ತಾರೆ ಕಣ್ರೇ. ಅಂಗಡೀಲಿ ದುಡಿಯೋ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ನಿಂತು ನಿಂತು ಕಾಲು ಊದಿಸ್ಕೊಂಡು ಮನೆಗೆ ಹೋಗ್ತಾರಲ್ಲ, ಅದು ಬದಲಾಗೋಕೆ ಒಬ್ಬಳು ವರ್ಷಗಟ್ಟಲೆ ಬೀದಿ ಸುತ್ತಬೇಕು. ನಾವೂ ವರ್ಷಗಟ್ಟಲೆ ಕೊಡ್ತಿರಬೇಕು. ಏನಾಯ್ತು, ಎಲ್ಲಿಗೆ ಬಂತು ಅಂತ ನಡುವೆ ಅವಳ ಜೀವ ತಿನ್ನಬಾರದು." ಇನ್ನೊಂದು ಕಟ್ಟಳೆಯನ್ನೂ ಅವಳೇ ಮಾಡಿದ್ದಳು. ಮುಂದುವರಿಸಬೇಕಾದರೆ ಎಲ್ಲರೂ ಕೈ ಎತ್ತಬೇಕು. ಒಂದು ಕೈ ಕೆಳಗಿದ್ದರೂ ಹುಡುಗಿಯ ಸಂಬಳ ನಿಂತಂತೆ. ಆ ಕೈ ಎತ್ತುವ ಸಭೆ ಇವತ್ತೇ ಸಂಜೆ, ಇದೇ ಅಂಗಡಿಯಲ್ಲಿ.

ಎದುರು ಸಾಲಿನಲ್ಲಿ ಔಷಧಿ ಅಂಗಡಿ ಇಟ್ಟಿರುವ, ಕೂಟದವಳೇ ಆದ ನಾದಿನಿಗೆ ಸುದ್ದಿ ಮುಟ್ಟಲು ಹೊತ್ತೇನೂ ಬೇಕಾಗಲಿಲ್ಲ. ಬಂದವಳೇ ಒಳಗೆ ಇಣುಕಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ಅಲ್ಲ ಅತ್ತಿಗೆ, ಸಂಬಳ ಕೊಟ್ಟು ತಲೆನೋವು ತರಿಸ್ಕೊಂಡ್ರಲ್ಲ. ನಮ್ಮಲ್ಲಿ ಒಳ್ಳೇ ಮಾತ್ರೆ ಇದೆ, ಕಳಿಸ್ಲಾ?"

"ನಗು, ನಗು. ನಿನ್ನ ಹಲ್ಲಿಗೂ ಗಾಳಿ ಬೇಕಲ್ಲ."

"ಸಂಜೆ ಕೈ ಎತ್ತಬೇಡಿ, ಮುಗೀತು," ಎಂದು ಕಿವಿಯಲ್ಲಿ ಹೇಳಿ ನಾದಿನಿ ಹೋದಳು.

ಅಕ್ಕನೂ ಅದನ್ನೇ ಯೋಚಿಸುತ್ತಿದ್ದಳು. ಕೂತದ್ದಕ್ಕಿಂತ, ತನ್ನಿಂದಲೇ ಶುರು ಮಾಡಿದರಲ್ಲ ಎಂಬುದು ಅವಳನ್ನು ಚುಚ್ಚುತ್ತಿತ್ತು. ಮನಸ್ಸು ತಡೆಯದೆ ಏಣಿಯ ಹತ್ತಿರ ಹೋದಳು.

"ಅಂಗಡಿ ತೆಗೆದ ದಿನದಿಂದ ಜೊತೇಲಿರೋಳು ನೀನು. ಬೀದೀಲಿ ಇಷ್ಟೊಂದು ಅಂಗಡಿ ಇದಾವೆ, ಮೊದಲು ನಂದೇ ಕಣ್ಣಿಗೆ ಬಿತ್ತಾ?"

ಹಿರಿಯಳಿಗೆ ನಗು ಬಂತು. "ಮೊದಲಾ? ಎಲ್ಲಿದೀರಿ ಅಕ್ಕ ನೀವು? ಪಾತ್ರೆ ಅಂಗಡಿಯೋರು ಹೋದ ವರ್ಷಾನೇ ಕೂತ್ರು. ಚಪ್ಪಲಿ ಅಂಗಡಿ ಯಜಮಾನರಂತೂ ತಾವೇ ಸ್ಟೂಲು ತರಿಸಿಕೊಟ್ರು. ನಿಂತೇ ಉಳಿದೋರು ನಾವು."

"ಯಾಕೆ? ನಾನೇನು ಹೊಡೀತಿದ್ನಾ?"

"ಹೊಡೆಯೋರಾಗಿದ್ರೆ ಎಂದೋ ಕೂತಿರ್ತಿದ್ವಿ. ನೀವು ದುಡ್ಡು ಕೊಡೋರಲ್ವಾ? ಇಷ್ಟು ದೊಡ್ಡ ಕೆಲಸ ಮಾಡೋರ ಎದುರಿಗೆ ನಾವು ಕೂತ್ರೆ ಚೆನ್ನಾಗಿರಲ್ಲ ಅಂತ ಸುಮ್ನಿದ್ವಿ. ಆ ಹುಡುಗಿಗೂ ನಿಮ್ಮ ಮೆಟ್ಟಿಲು ಹತ್ತೋಕೆ ಸಂಕೋಚ. ಆಚೆಯಿಂದ್ಲೇ ಕೈ ಬೀಸಿ ಹೋಗ್ಬಿಡೋಳು. ಹೋದ ವಾರ ನಾವೇ ಅಡ್ಡ ಹಾಕಿ ಕೇಳಿದ್ವಿ."

ಅಕ್ಕ ಕೌಂಟರಿನ ಮೇಲಿನ ಬಟ್ಟೆಯ ಮಡಿಕೆ ಸವರಿದಳು. "ಕೂಟದಲ್ಲಿರೋ ಬೇರೆಯವರ ಅಂಗಡೀಲಿ?"

ಹಿರಿಯಳು ಎದುರಿನ ಔಷಧಿ ಅಂಗಡಿಯ ಕಡೆ ನೋಡಿದಳು. ಗಾಜಿನ ಹಿಂದೆ ಇಬ್ಬರು ಹುಡುಗಿಯರು ನಿಂತಿದ್ದರು. ಒಬ್ಬಳು ಒಂದು ಕಾಲು ಎತ್ತಿ ಇನ್ನೊಂದು ಕಾಲಿಗೆ ಉಜ್ಜಿಕೊಳ್ಳುತ್ತಿದ್ದಳು.

ಸಂಜೆ ಕೂಟ ಸೇರಿತು. "ಹುಡುಗಿಯನ್ನ ಮುಂದುವರಿಸೋದಕ್ಕೆ ಒಪ್ಪಿಗೆ ಇದ್ದೋರು?" ಎಂದು ಹೂವಿನ ಅಂಗಡಿಯ ಅಜ್ಜಿ ಕೇಳಿದ್ದೇ ತಡ, ಕೈಗಳು ಮೇಲೇರಿದವು. ಅಕ್ಕನ ಕೈ ಮಾತ್ರ ಮಡಿಲಲ್ಲೇ ಇತ್ತು. ಕೌಂಟರಿನ ಹಿಂದಿದ್ದ ಮೂವರೂ ಆ ಕೈಯನ್ನೇ ನೋಡಿದರು. ನಾದಿನಿ, 'ನಾನು ಹೇಳಲಿಲ್ಲವಾ' ಎಂಬಂತೆ ಪಕ್ಕದವಳನ್ನು ತಿವಿದಳು.

"ನಂದೊಂದು ಷರತ್ತಿದೆ," ಎಂದಳು ಅಕ್ಕ. "ಇನ್ನೂ ಹತ್ತು ವರ್ಷ ಕೊಡೋಣ. ಆದ್ರೆ ಇನ್ಮೇಲೆ ಅವಳು ಮೊದಲು ಬರೋದು ಕೊಡೋರ ಅಂಗಡಿಗೆ. ಊರಿಗೆಲ್ಲ ಸ್ಟೂಲು ಹಾಕ್ಸಿ, ನಮ್ಮ ಹುಡುಗೀರನ್ನ ನಾವು ನಿಲ್ಲಿಸಿಟ್ಟಿದೀವಿ. ಇದಕ್ಕೆ ಒಪ್ಪೋದಾದ್ರೆ ನನ್ನ ಕೈ ಇಗೋ."

ಅವಳ ಕೈ ಮೇಲೆ ಹೋಯಿತು. ಆಗಲೇ ಮೇಲಿದ್ದ ಕೈಗಳು ಒಂದೊಂದಾಗಿ ಕೆಳಗಿಳಿದವು. ಒಂದು ಕನ್ನಡಕ ಒರೆಸಿತು, ಒಂದು ತಲೆ ಕೆರೆಯಿತು. ಅಜ್ಜಿ ಮೊದಲು ನಕ್ಕಳು, ನಕ್ಕು ಕೈ ಎತ್ತಿದಳು. ಅವಳ ಹಿಂದೆ ಬಳೆ ಅಂಗಡಿಯವಳು. ಆಮೇಲೆ ಗೊಣಗುತ್ತ, ನಾಚುತ್ತ ಎಲ್ಲರೂ. ಕೊನೆಗೆ ಉಳಿದವಳು ನಾದಿನಿ.

"ನಾಳೆಯಿಂದ್ಲೇನಾ ಅತ್ತಿಗೆ?"

"ನಾಳೆ ಬೆಳಿಗ್ಗೇನೇ. ಮೊದಲು ನಿನ್ನಂಗಡಿ."

ನಾದಿನಿ ಒಂದು ಕೈ ಮೇಲೆತ್ತಿದಳು. ಇನ್ನೊಂದು ಕೈಯಲ್ಲಿ ಫೋನು ಕಿವಿಗೊತ್ತಿ, ಗೋಡೆಯ ಕಡೆ ತಿರುಗಿ ದನಿ ತಗ್ಗಿಸಿದಳು.

"ಏ, ಇಬ್ಬರೂ ಕೇಳಿಸ್ಕೊಳ್ಳಿ. ಅಂಗಡಿ ಮುಚ್ಚೋಕೆ ಇನ್ನೂ ಹೊತ್ತಿದೆಯಲ್ಲ, ಅಲ್ಲೀವರೆಗೆ ಸ್ವಲ್ಪ ಕೂತು ಅಭ್ಯಾಸ ಮಾಡ್ಕೊಳ್ಳಿ."