ಆ ಕಡೆ ಯಾರು?

ಕಾರು ಗುಂಡಿಗೆ ಇಳಿದಾಗಲೆಲ್ಲ ಡಿಕ್ಕಿಯಲ್ಲಿ ಕಬ್ಬಿಣ ಠಣ್ ಎನ್ನುತ್ತಿತ್ತು. ಅದು ಸದ್ದು ಮಾಡಿದಾಗಲೆಲ್ಲ ಮುದುಕ ಜೋರಾಗಿ ಕೆಮ್ಮುತ್ತಿದ್ದ.

"ಜಾಕ್ ಸಡಿಲ ಆಗಿದೆ ಅನ್ಸುತ್ತೆ," ಎಂದಳು ಕಾರು ಓಡಿಸುತ್ತಿದ್ದ ಮಗಳು.

"ಆಗಿರುತ್ತೆ. ನೀನು ರಸ್ತೆ ನೋಡು."

ಅದು ಜಾಕ್ ಅಲ್ಲ, ಹಾರೆ. ಮಗಳು ಸ್ನಾನಕ್ಕೆ ಹೋಗಿದ್ದಾಗ ಮುದುಕ ಹಳೆಯ ಹೊದಿಕೆಯಲ್ಲಿ ಸುತ್ತಿ, ಕೂಸನ್ನು ಮಲಗಿಸಿದ ಹಾಗೆ ಡಿಕ್ಕಿಯಲ್ಲಿ ಮಲಗಿಸಿದ್ದ.

ನಿನ್ನೆಯೆಲ್ಲ ದಾರಿ, ಇವತ್ತೂ ದಾರಿ. ಅಷ್ಟು ದೂರವೂ ಅವನು ಬೈದುಕೊಂಡೇ ಬಂದಿದ್ದ. ಮುಂದಿನ ಲಾರಿಯನ್ನು ಬೈದ, ಬಿಸಿಲನ್ನು ಬೈದ, ಹೋಟೆಲಿನ ಟೀಯನ್ನು ಬೈದ. ಬೈಗುಳ ಎಲ್ಲಿ ಶುರುವಾದರೂ ಕೊನೆಗೆ ಹೋಗಿ ನಿಲ್ಲುತ್ತಿದ್ದುದು ಆ ಬಂಡೆಯ ಮೇಲೆ.

ಅದನ್ನು ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಮನೆಯಷ್ಟು ದೊಡ್ಡ ಬಂಡೆ, ಗುಡ್ಡದ ನೆತ್ತಿಯಲ್ಲಿ ಇನ್ನೊಂದು ಕಲ್ಲಿನ ಮೊನೆಯ ಮೇಲೆ ಬುಗುರಿಯ ಹಾಗೆ ನಿಂತಿದೆ. ಯಾರೂ ತಂದು ಇಟ್ಟದ್ದಲ್ಲ, ಗಾಳಿ ಮಳೆ ಸವೆಸಿ ಬಿಟ್ಟದ್ದು. ಜೋರು ಗಾಳಿಗೆ ಅಲುಗುತ್ತದೆ, ಬೀಳುವುದಿಲ್ಲ. ಹೋದ ವಾರ ಟಿವಿಯಲ್ಲಿ ಅದರ ಸುದ್ದಿ ಬಂತು. ಸೋಮವಾರದಿಂದ ಬುಡಕ್ಕೆ ಕಾಂಕ್ರೀಟ್ ಸುರಿಯುತ್ತಾರಂತೆ. ಇನ್ನು ಇದು ಯಾವ ಕಾಲಕ್ಕೂ ಬೀಳುವುದಿಲ್ಲ ಎಂದು ಅಧಿಕಾರಿಯೊಬ್ಬ ಬೀಗುತ್ತಿದ್ದ. ಮುದುಕ ಊಟದ ತಟ್ಟೆ ಸರಿಸಿ ಎದ್ದ.

"ನನ್ನ ಅಲ್ಲಿಗೆ ಕರ್ಕೊಂಡು ಹೋಗು. ಭಾನುವಾರದ ಒಳಗೆ."

ಯಾಕೆಂದು ಮಗಳು ಕೇಳಲಿಲ್ಲ. ಅವಳಿಗೆ ಗೊತ್ತಿತ್ತು. ಅಪ್ಪ, ದೊಡ್ಡಪ್ಪ ಇಬ್ಬರೂ ಪ್ರಾಯದಲ್ಲಿ ಆ ಗುಡ್ಡದ ಕ್ವಾರಿಯಲ್ಲಿ ಕಲ್ಲು ಮೀಟುತ್ತಿದ್ದವರು. ಒಬ್ಬ ಕಲ್ಲಿನ ಈ ಬದಿ, ಒಬ್ಬ ಆ ಬದಿ. ಹಾರೆ ಒತ್ತುವ ಮುಂಚೆ "ಆ ಕಡೆ ಯಾರು?" ಎಂದು ಕೂಗಬೇಕು. ಮರುದನಿ ಬಂದ ಮೇಲೆ, ಆ ಕಡೆಯವನು ಕೈ ತೆಗೆದ ಮೇಲೆ ಒತ್ತಬೇಕು. ಕ್ವಾರಿಯ ಕಟ್ಟಳೆ ಅದು. ಆ ಬಂಡೆಯನ್ನೂ ಉರುಳಿಸಿ ಎಂದು ಕಂಟ್ರಾಕ್ಟರ್ ಹೇಳಿದ ದಿನ ಆ ಕೂಗು ಕೇಳಿಸದೆ ಹೋಯಿತು. ದೊಡ್ಡಪ್ಪನ ಹೆಬ್ಬೆರಳು ಅಲ್ಲೇ, ಬಂಡೆಯ ಅಡಿಯಲ್ಲೇ ಉಳಿಯಿತು ಎಂದು ಅಮ್ಮ ಒಮ್ಮೆ ಪಿಸುಗುಟ್ಟಿ, ಅಪ್ಪನ ಹೆಜ್ಜೆಯ ಸಪ್ಪಳಕ್ಕೆ ಬಾಯಿ ಮುಚ್ಚಿಕೊಂಡಿದ್ದಳು. ಮಿಕ್ಕದ್ದನ್ನು ಮಗಳು ತಾನೇ ಊಹಿಸಿಕೊಂಡಿದ್ದಳು. ಮನೆಯಲ್ಲಿ ದೊಡ್ಡಪ್ಪನ ಮಾತು ಎತ್ತುವ ಹಾಗಿರಲಿಲ್ಲ.

ದೂರದಲ್ಲಿ ಗುಡ್ಡ ಕಂಡಿತು. ಅವಳು ದನಿ ತಗ್ಗಿಸಿ ಕೇಳಿದಳು. "ದೊಡ್ಡಪ್ಪ ನೆನಪಾಗ್ತಾರಾ ಅಪ್ಪ?"

"ಆ ದರಿದ್ರ ಕಲ್ಲು ನಿಂತಿರೋ ತನಕ ನಂಗೆ ಅಣ್ಣ ಇಲ್ಲ." ಮುದುಕನ ದವಡೆ ಬಿಗಿದಿತ್ತು. "ಇದ್ದೊಬ್ಬನ್ನ ಕಿತ್ಕೊಳ್ತು. ಅದಕ್ಕೀಗ ಕಾಂಕ್ರೀಟಿನ ಉಪಚಾರ ಬೇರೆ."

ಮಗಳ ಕಣ್ಣು ತುಂಬಿತು. ಮುದುಕ ಅದನ್ನು ನೋಡಲಿಲ್ಲ, ಬಂಡೆಯನ್ನೇ ದುರುಗುಟ್ಟಿ ನೋಡುತ್ತಿದ್ದ.

ಗುಡ್ಡದ ಬುಡದಲ್ಲಿ ಅವನು ಡಿಕ್ಕಿ ತೆಗೆಸಿ ಮೊದಲು ಇಳಿದ. ಅವಳು ಕಾರಿಗೆ ನೆರಳು ಹುಡುಕುತ್ತ ಹೋದಳು. ಟಿಕೆಟ್ ಕೊಡುವವನು ಹೊದಿಕೆಯ ಸುರುಳಿಯನ್ನು ನೋಡಿ ಏನು ತಾತ ಅದು ಎಂದ. ಊರುಗೋಲು ಎಂದ ಮುದುಕ. ಇಷ್ಟು ದಪ್ಪವಾ ಎಂದದ್ದಕ್ಕೆ, ನೋವೂ ಅಷ್ಟೇ ದಪ್ಪ ಇದೆ, ಟಿಕೆಟ್ ದುಡ್ಡು ಮಗಳ ಹತ್ತಿರ ಇಸ್ಕೊ ಎಂದು ಗದರಿ ಮೆಟ್ಟಿಲು ಹಿಡಿದ. ಮಗಳು ಬಂದಾಗ ಟಿಕೆಟಿನವನು ಇನ್ನೂ ನಗುತ್ತಿದ್ದ.

"ಇವತ್ತು ಯಾಕೋ ಅಜ್ಜಂದಿರಿಗೆಲ್ಲ ಸಿಟ್ಟು ಅಕ್ಕ," ಎಂದ.

ನೆತ್ತಿ ಸುಡುವ ಬಿಸಿಲು. ಬಂದ ಜನವೆಲ್ಲ ಕೆಳಗೆ ಮರದಡಿ ಸೇರಿದ್ದರು. ಮುದುಕ ಬಂಡೆಯ ಮುಂದೆ ಉಸಿರು ಹಿಡಿದು ನಿಂತ. ಅದು ಒಂದಿಷ್ಟೂ ಮುದಿಯಾಗಿರಲಿಲ್ಲ. ಅದಕ್ಕೇ ಅವನ ಸಿಟ್ಟು ಇನ್ನಷ್ಟು ಏರಿತು. ಹೊದಿಕೆ ಕಿತ್ತೆಸೆದು ಹಾರೆಯನ್ನು ಬುಡದ ಸಂದಿಗೆ ಕೊಟ್ಟ. ಹಳೆಯ ಕೂಗು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡ. ಕೂಗಿದರೆ ಟಿಕೆಟಿನವನು ಓಡಿ ಬರುತ್ತಾನೆ.

ಒತ್ತಿದ. ಗಾಳಿಗೇ ಅಲುಗುವ ಕಲ್ಲು ಹಾರೆಗೆ ಜಗ್ಗಲಿಲ್ಲ. ಎದೆಯ ಭಾರವನ್ನೆಲ್ಲ ಹಾಕಿ ಇನ್ನೊಮ್ಮೆ ಒತ್ತಿದ. ಕೂದಲೆಳೆಯಷ್ಟು ಸರಿಯಿತು. ಮರುಕ್ಷಣ ಜೀವವಿರುವ ಪ್ರಾಣಿಯ ಹಾಗೆ ಅವನನ್ನೇ ಎದುರು ತಳ್ಳಿತು.

"ನನ್ನನ್ನೇ ತಳ್ತೀಯಾ," ಎಂದು ಹಲ್ಲು ಕಡಿದ. "ನನ್ನ ಅರ್ಧ ಆಯಸ್ಸು ತಿಂದಿದ್ದು ಸಾಲ್ದಾ?"

ಮಗಳು ಮೇಲೆ ಬಂದವಳು ಹಾರೆ ನೋಡಿ ಹೌಹಾರಿದಳು. ಓಡಿ ಬಂದು ಅವನ ರಟ್ಟೆ ಹಿಡಿದು ಎಳೆದಳು. ಅವನು ಕೊಸರಿದ, ಅವಳು ಬಿಡಲಿಲ್ಲ. ಹಾರೆ ಜಾರಿ ನೆಲಕ್ಕೆ ಬಿತ್ತು.

ಹಾರೆ ಬಿದ್ದರೂ ಕಬ್ಬಿಣದ ಸದ್ದು ನಿಲ್ಲಲಿಲ್ಲ.

ಠಣ್. ಠಣ್. ಬಂಡೆ ನಿಧಾನವಾಗಿ ಇವರ ಕಡೆಗೇ ವಾಲತೊಡಗಿತು. ಮಗಳು ಅಪ್ಪನನ್ನು ಪಕ್ಕಕ್ಕೆ ದಬ್ಬಿ, "ಆ ಕಡೆ ಯಾರು?" ಎಂದು ಗಂಟಲು ಹರಿಯುವಂತೆ ಕೂಗಿದಳು.

ಸದ್ದು ನಿಂತಿತು. ಬಂಡೆ ತೂಗಾಡಿ ತನ್ನ ಜಾಗಕ್ಕೆ ಹೋಗಿ ಕೂತಿತು.

ಇಬ್ಬರೂ ಸುತ್ತು ಹಾಕಿ ಹೋದರು. ಆ ಬದಿಯಲ್ಲಿ ಬೋಳುತಲೆಯ ಮುದುಕನೊಬ್ಬ ಹಾರೆಯನ್ನು ಸಂದಿಗೆ ಕೊಟ್ಟು ಏದುಸಿರು ಬಿಡುತ್ತಿದ್ದ. ಅವನ ಬಲಗೈಯಲ್ಲಿ ಹೆಬ್ಬೆರಳಿರಲಿಲ್ಲ.

ಬಂಡೆ ಯಾವ ಕಡೆ ಉರುಳಿದ್ದರೂ ಅಡಿಯಲ್ಲಿ ಒಬ್ಬ ಇರುತ್ತಿದ್ದ. ಇಬ್ಬರಿಗೂ ಅದು ಒಟ್ಟಿಗೇ ಹೊಳೆಯಿತೇನೋ. ಇಬ್ಬರ ಮುಖವೂ ಬಿಳಿಚಿತು, ಆಮೇಲೆ ಇಬ್ಬರದೂ ಕೆಂಪಾಯಿತು.

"ಕೇಳು ನಿನ್ನ ದೊಡ್ಡಪ್ಪನ್ನ," ಎಂದ ಅಪ್ಪ, ಮಗಳ ಕಡೆಗೇ ಮುಖ ಮಾಡಿಕೊಂಡು. "ಇಲ್ಲೇನು ಕೆಲಸ ಅವನಿಗೆ ಅಂತ."

ಆ ಮುದುಕನೂ ಅವಳನ್ನೇ ನೋಡಿದ. ಅವನ ಸಿಟ್ಟು ಇವನಿಗಿಂತ ಒಂದು ಕೈ ಮೇಲು.

"ಹೇಳಮ್ಮ ನಿನ್ನ ಅಪ್ಪನಿಗೆ. ಅವತ್ತೂ ಕೂಗ್ಲಿಲ್ಲ, ಇವತ್ತೂ ಕೂಗ್ಲಿಲ್ಲ. ಈ ಬಂಡೆ ಬೀಳೋ ತನಕ ಇವನ ಜೊತೆ ಮಾತಿಲ್ಲ ಅಂತ ಅವತ್ತು ಸಿಟ್ಟಲ್ಲಿ ಅಂದ್ಬಿಟ್ಟಿದ್ದೆ, ಕಾಂಕ್ರೀಟ್ ಹಾಕೋ ಮುಂಚೆ ಬೀಳಿಸೋಣ ಅಂತ ಬಂದ್ರೆ, ಇವ್ನು ಆ ಕಡೆಯಿಂದ ಹಿಡ್ಕೊಂಡು ನಿಂತಿದಾನೆ."