ಮಗಳಿಗೆ ಹೇಳಬಾರದು

ವಕೀಲೆ ತನ್ನ ಅಪ್ಪನ ಅಂಗಡಿಯ ಮೇಜಿನ ಖಾನೆಗೆ ಕೈಹಾಕಿದ್ದು ಪೆನ್ನು ಹುಡುಕಲು. ಸಿಕ್ಕಿದ್ದು ಅಪ್ಪನ ಮದುವೆ.

ಅರ್ಧ ಹಾಳೆ. ಕೋಳಿ ಕೆದರಿದಂಥ ಅಪ್ಪನದೇ ಅಕ್ಷರ. ‘ಇಪ್ಪತ್ತೊಂದನೇ ತಾರೀಕು, ಬೆಳಿಗ್ಗೆ ಹನ್ನೊಂದು, ಬೆಟ್ಟದ ಮೇಲಿನ ನೋಂದಣಿ ಕಚೇರಿ. ಇಬ್ಬರು ಸಾಕ್ಷಿ ಸಾಕು. ವಾದ್ಯ ಬೇಡ, ಫೋಟೋದವರು ಬೇಡ, ನೆಂಟರು ಬೇಡವೇ ಬೇಡ. ಒಲೆಯಿರುವ ಕೋಣೆ. ಉಣ್ಣೆಯ ಕಾಲುಚೀಲ ಎರಡು ಜೊತೆ. ಕಿಟಕಿ ಅವಳು ಹೇಳಿದಂತೆ.’ ಕೊನೆಯಲ್ಲಿ, ಅಡಿಯಲ್ಲಿ ಎರಡು ಗೆರೆ ಎಳೆದು: ‘ಮಗಳಿಗೆ ಹೇಳಬಾರದು.’

ಅಪ್ಪನಿಗೆ ಅರವತ್ತೇಳು. ಕಸುಬು ಬೀಗ ರಿಪೇರಿ. ಪ್ರಾಯದವರು ಓಡಿಹೋಗುವಾಗ ಕಾಂಪೌಂಡು ಹಾರುತ್ತಾರೆ. ಇವರು ಮೊದಲು ಮಂಡಿಗೆ ಪಟ್ಟಿ ಬಿಗಿಯಬೇಕಿತ್ತು.

ಸಾಕ್ಷ್ಯ ಸಿಕ್ಕ ಕೂಡಲೇ ಆರೋಪಿಯನ್ನು ಎಚ್ಚರಿಸುವಷ್ಟು ದಡ್ಡಿ ಅವಳಲ್ಲ. ಹಾಳೆಯ ಫೋಟೋ ತೆಗೆದುಕೊಂಡು, ಅದನ್ನು ಇದ್ದಂತೆಯೇ ಇಟ್ಟು ಅಂಗಡಿಯ ಮುಂಭಾಗಕ್ಕೆ ಬಂದಳು. ಅಪ್ಪ ಅರ ಹಿಡಿದು ಕೀಲಿ ಉಜ್ಜುತ್ತ ಸಿಳ್ಳೆ ಹಾಕುತ್ತಿದ್ದರು. ವಿಚ್ಛೇದಿತ ಮನುಷ್ಯನೊಬ್ಬ ಸಿಳ್ಳೆ ಹಾಕುವುದು ಅವಳಿಗೆ ನ್ಯಾಯಾಲಯ ನಿಂದನೆಯಂತೆ ಕೇಳಿಸಿತು.

"ಅಪ್ಪಾ, ಇಪ್ಪತ್ತೊಂದಕ್ಕೆ ನಮ್ಮನೆಗೆ ಊಟಕ್ಕೆ ಬನ್ನಿ."

"ಆಗಲ್ಲಮ್ಮಾ. ಬೆಟ್ಟದ ಮೇಲೆ ಒಂದು ಹಳೇ ಬೀಗದ ಕೆಲಸ ಇದೆ."

"ಈ ಚಳೀಲಾ? ಅಲ್ಲಿ ಯಾರೂ ರಿಪೇರಿಯವರಿಲ್ವಾ?"

"ಆ ಬೀಗಕ್ಕೆ ಬೇರೆಯವರ ಕೈ ಆಗಿಬರಲ್ಲ" ಎಂದು ಅಪ್ಪ ಮತ್ತೆ ಸಿಳ್ಳೆ ಹಿಡಿದರು.

ಆ ವಿಚ್ಛೇದನ ಕೊಡಿಸಿದವಳು ಅವಳೇ. ಆರು ವರ್ಷದ ಹಿಂದಿನ ಮಾತು. ಕರಿಕೋಟಿನ ಹೊಸ ವಾಸನೆ ಇನ್ನೂ ಹೋಗಿರಲಿಲ್ಲ. ಬೋರ್ಡು ಹಾಕಿ ಏಳು ತಿಂಗಳಾಗಿದ್ದರೂ ಮೆಟ್ಟಿಲು ಹತ್ತಿ ಬಂದವರೆಂದರೆ ವಿಳಾಸ ಕೇಳುವವರು ಮಾತ್ರ. ಅದೇ ಚಳಿಗಾಲ ಅಪ್ಪ ಅಮ್ಮ ಮಲಗುವ ಕೋಣೆಯ ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ ಎಂದು ಜಗಳವಾಡಿ ಹದಿನೈದು ದಿನ ಮಾತು ಬಿಟ್ಟರು. "ಈ ಮನುಷ್ಯನ ಜೊತೆ ಇನ್ನು ನನ್ನ ಕೈಲಾಗಲ್ಲ" ಎಂದಳು ಅಮ್ಮ. ಬೇರೆ ಮಕ್ಕಳಾಗಿದ್ದರೆ ಇಬ್ಬರಿಗೂ ಒಂದೊಂದು ಲೋಟ ಕಾಫಿ ಮಾಡಿಕೊಡುತ್ತಿದ್ದರು. ಇವಳು ಅರ್ಜಿ ಬರೆದಳು. ‘ಮೂವತ್ತೊಂದು ವರ್ಷಗಳ ನಿರಂತರ ಕ್ರೌರ್ಯ’ ಎಂದು ಶುರುವಾಗುವ ಅರ್ಜಿ. ಅಮ್ಮ ಅದನ್ನು ಎರಡು ಸಲ ಓದಿ, ಮಗಳ ಮುಖವನ್ನೊಮ್ಮೆ ನೋಡಿ, ಸಹಿ ಹಾಕಿದಳು. ಅಪ್ಪ ವಕೀಲರನ್ನೇ ಇಡಲಿಲ್ಲ. ಕೇಳಿದ್ದಕ್ಕೆಲ್ಲ "ಹೌದು ಸ್ವಾಮಿ" ಎಂದರು.

ಎರಡೇ ವಾಯಿದೆಯಲ್ಲಿ ಗೆಲುವು. ತೀರ್ಪಿನ ಪ್ರತಿಗೆ ಗಾಜು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಿದಳು. ಆಮೇಲೆ ಕಕ್ಷಿದಾರರು ಸಾಲುಗಟ್ಟಿದರು. ಹೆತ್ತ ಅಪ್ಪನನ್ನೇ ಬಿಡದವಳು ನಮ್ಮ ಗಂಡನನ್ನು ಬಿಟ್ಟಾಳೆಯೇ?

ಅಮ್ಮ ಆಗಿನಿಂದ ಮಗಳ ಮನೆಯಲ್ಲೇ ಇದ್ದಳು. ಆ ಸಂಜೆ ಮಗಳು ವಿಷಯವನ್ನು ಸುತ್ತಿ ಬಳಸಿ ಅವಳ ಮುಂದಿಟ್ಟಳು.

"ಅಮ್ಮಾ, ಅಪ್ಪ ಇನ್ನೊಂದು ಮದುವೆ ಆದ್ರೆ ನಿನಗೆ ಏನನ್ಸುತ್ತೆ?"

ಅಮ್ಮನ ಹೆಣಿಗೆ ಕಡ್ಡಿ ನಿಲ್ಲಲಿಲ್ಲ. "ಪಾಪ ಅನ್ಸುತ್ತೆ."

"ಅಪ್ಪನ ಮೇಲಾ?"

"ಆ ಹೆಂಗಸಿನ ಮೇಲೆ. ರಾತ್ರಿಯೆಲ್ಲ ಗೊರಕೆ ಕೇಳಬೇಕಲ್ಲ."

ಎಂಥ ಗಟ್ಟಿ ಜೀವ ಎಂದು ಮಗಳು ಹೆಮ್ಮೆಪಟ್ಟಳು. ಆ ವಾರವೇ ಅಮ್ಮ ಹಲ್ಲು ಕೀಳಿಸಿಕೊಂಡ ಹಳೆಯ ಗೆಳತಿಯನ್ನು ನೋಡಿಕೊಳ್ಳಲು ಹೊರಟಾಗ, ಸದ್ಯ ಇವಳ ಕಣ್ಣಿಗೆ ಏನೂ ಬೀಳುವುದಿಲ್ಲವಲ್ಲ ಎಂದು ನೆಮ್ಮದಿಯಿಂದ ಕಳಿಸಿಕೊಟ್ಟಳು.

ಹಾಳೆಯಲ್ಲಿದ್ದ ಆ ‘ಅವಳು’ ಯಾರೆಂಬುದು ಸ್ಪಷ್ಟವಿತ್ತು. ಅಪ್ಪನ ಅಂಗಡಿಯ ಎದುರಿನ ಬೇಕರಿಯಾಕೆ. ಒಂಟಿ ಹೆಂಗಸು, ನಗುಮುಖ, ದಿನಾ ನಾಲ್ಕಕ್ಕೆ ಅಪ್ಪನಿಗೆ ಬಿಸಿ ಬನ್ನು. ಸಾಲದ್ದಕ್ಕೆ ‘ಇಪ್ಪತ್ತೊಂದಕ್ಕೆ ರಜೆ’ ಎಂದು ಬಾಗಿಲಿಗೆ ಚೀಟಿ ಬೇರೆ ಅಂಟಿಸಿದ್ದಳು. ಎಷ್ಟೋ ಸಂಸಾರಗಳನ್ನು ಇದಕ್ಕಿಂತ ಕಡಿಮೆ ಪುರಾವೆಯಲ್ಲಿ ಒಡೆದಿದ್ದ ವಕೀಲೆ ಹನ್ನೊಂದು ಪುಟದ ಆಕ್ಷೇಪಣೆ ಟೈಪು ಮಾಡಿದಳು.

ಇಪ್ಪತ್ತೊಂದರ ಬೆಳಿಗ್ಗೆ ಬೆಟ್ಟದ ರಸ್ತೆಯಲ್ಲಿ ಮೊಣಕಾಲೆತ್ತರ ಹಿಮ. ಕಾರನ್ನು ಕೊನೆಯ ತಿರುವಿನಲ್ಲೇ ಬಿಟ್ಟು, ಕೋರ್ಟಿಗೆ ಹೋಗುವ ಚಪ್ಪಟೆ ಬೂಟಿನಲ್ಲಿ ಎರಡು ಸಲ ಜಾರಿ ಬಿದ್ದು, ಹಲ್ಲು ಕಟಕಟಿಸುತ್ತ ಅವಳು ಕಚೇರಿ ಮುಟ್ಟಿದಾಗ ಹನ್ನೊಂದಕ್ಕೆ ಎರಡು ನಿಮಿಷವಿತ್ತು. ಒಂದು ಕೋಣೆ, ಒಂದು ಹೀಟರು, ಆರು ಕುರ್ಚಿ. ಕೋಟು ತೊಟ್ಟು, ತಲೆಗೆ ನೀರು ಹಚ್ಚಿ ಬಾಚಿಕೊಂಡ ಅಪ್ಪ. ಪಕ್ಕದಲ್ಲಿ, ಮಡಿಲಲ್ಲಿ ಕೇಕಿನ ಡಬ್ಬಿ ಹಿಡಿದು ಬೇಕರಿಯಾಕೆ.

"ಆಕ್ಷೇಪಣೆ ಇದೆ!"

ನೋಂದಣಿ ಅಧಿಕಾರಿ ಮೂಗೊರೆಸಿಕೊಂಡರು. "ನೀವ್ಯಾರಮ್ಮಾ?"

"ವರನ ಮಗಳು. ವಕೀಲೆ. ಈ ಹೆಂಗಸು ನಮ್ಮಪ್ಪನ ಒಂಟಿತನದ ದುರುಪಯೋಗ ಮಾಡ್ಕೊಂಡಿದ್ದಾಳೆ. ಅಲ್ಲದೆ, ಇವರ ಜೊತೆ ಬಾಳೋದು ಎಂಥ ನರಕ ಅಂತ ಪಾಪ ಅವಳಿಗೂ ಗೊತ್ತಿಲ್ಲ!"

ವಧು ಒಂದೇ ಉಸಿರಿನಲ್ಲಿ ವಂಚಕಿಯೂ ಆದಳು, ವಂಚನೆಗೊಳಗಾದವಳೂ ಆದಳು. ಹನ್ನೊಂದು ಪುಟದ ವಾದದಲ್ಲಿ ಇಂಥದ್ದಕ್ಕೆಲ್ಲ ಜಾಗವಿರುತ್ತದೆ.

"ನನ್ನನ್ಯಾಕ್ರೀ ದುರುಗುಟ್ಕೊಂಡು ನೋಡ್ತೀರಾ?" ಎಂದಳು ಬೇಕರಿಯಾಕೆ. "ನಾನು ಸಾಕ್ಷಿ."

ಒಳಬಾಗಿಲು ತೆರೆಯಿತು. ಹಲ್ಲು ಕೀಳಿಸಿಕೊಂಡಿದ್ದ ಗೆಳತಿ ಮೂವತ್ತೆರಡೂ ಹಲ್ಲು ಬಿಟ್ಟು ನಗುತ್ತ ಹೊರಬಂದಳು. ಅವಳ ಹಿಂದೆ, ಹೊಸ ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತ, ಅಮ್ಮ.

"ನರಕ ಅಂತ ಗೊತ್ತು ಕಣೆ" ಎಂದಳು ಅಮ್ಮ. "ಮೂವತ್ತೊಂದು ವರ್ಷ ಅಲ್ಲೇ ಇದ್ದೆನಲ್ಲ."

ಹನ್ನೊಂದು ಪುಟ ನೆಲದ ಮೇಲೆ ಹರಡಿದವು. ಮಗಳು ಅವನ್ನು ತುಳಿದುಕೊಂಡೇ ಅಮ್ಮನ ಮುಂದೆ ಬಂದಳು. "ಹಾಗಾದ್ರೆ... ಅವತ್ತು ಬೇಡ ಅಂತ ಯಾಕೆ ಹೇಳ್ಲಿಲ್ಲ? ಒಂದೇ ಒಂದು ಮಾತು ಅಂದಿದ್ರೆ ಅರ್ಜಿ ವಾಪಸ್ ತಗೋತಿದ್ದೆ!"

ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ ಹೇಳಿಬಿಡಿ ಎಂಬಂತೆ ತಲೆಯಾಡಿಸಿದಳು.

"ಏಳು ತಿಂಗಳು ಕಾದ ಮೇಲೆ ನಿನಗೆ ಸಿಕ್ಕಿದ ಮೊದಲನೇ ಕೇಸಮ್ಮಾ ಅದು," ಎಂದರು ಅಪ್ಪ, "ಸೋಲಿಸೋಕೆ ನಮ್ಮಿಬ್ಬರಿಗೂ ಮನಸ್ಸು ಬರಲಿಲ್ಲ."